ಡ್ಯಾಶ್‌ಬೋರ್ಡಿನ ಹಿಂದಣ ಅಡ್ಡತೊಲೆ: ಕಳಚುವ, ಜೋಡಿಸುವ ಕ್ರಮ

ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ, ಮುಂಗಾಜಿನ ಎರಡು ಬದಿಯ ಕಂಬಗಳ ನಡುವೆ, ಉಕ್ಕಿನ ಕೊಳವೆಯಿಂದಲೋ ಕೆಲವು ವಾಹನಗಳಲ್ಲಿ ಮೆಗ್ನೀಸಿಯಂ ಎರಕದಿಂದಲೋ ನಿರ್ಮಿತವಾದ ಅಡ್ಡತೊಲೆಯೊಂದಿರುತ್ತದೆ. ಸ್ಟೇರಿಂಗ್ ದಂಡವೂ ಎ.ಸಿ. ಪೆಟ್ಟಿಗೆಯೂ ಇದನ್ನೇ ಆಶ್ರಯಿಸಿ ನಿಂತಿರುವುದರಿಂದಲೂ, ಪಕ್ಕದ ಆಸನದ ಏರ್‌ಬ್ಯಾಗ್ ಸಿಡಿದು ಉಬ್ಬುವಾಗಿನ ಹಿಂದೊತ್ತನ್ನು ಬಹುಮಟ್ಟಿಗೆ ಇದೇ ತಡೆಯಬೇಕಾದುದರಿಂದಲೂ, ಅಪಘಾತದಲ್ಲಿ ಬಾಗಿದ ತೊಲೆಯನ್ನು ಬಡಿದು ನೆಟ್ಟಗೆ ಮಾಡಿಯೋ ಬೆಸುಗೆ ಹಾಕಿಯೋ ಮರಳಿ ಬಳಸುವುದು ಸರ್ವಥಾ ಯುಕ್ತವಲ್ಲ; ಅದನ್ನು ಬದಲಿಸುವುದೊಂದೇ ಮಾರ್ಗ.

1. ಪೂರ್ವಸಿದ್ಧತೆ: ಆಯಾ ಮಾದರಿಯ ದುರಸ್ತಿ ಕೈಪಿಡಿಯನ್ನು ಎದುರಿಗಿಟ್ಟುಕೊಂಡು, ಮುಂದಿನ ಚಕ್ರಗಳನ್ನು ನೇರವಾಗಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಕಳಚಬೇಕು. ಆ ಬಳಿಕವೂ ಏರ್‌ಬ್ಯಾಗನ್ನು ಸಿಡಿಸಲು ಸಾಕಾಗುವಷ್ಟು ವಿದ್ಯುತ್ತು ಅದರ ನಿಯಂತ್ರಕದ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುವುದರಿಂದ, ಕೈಪಿಡಿ ವಿಧಿಸಿದ ನಿಮಿಷಗಳು ಪೂರ್ತಿ ಕಳೆಯುವ ತನಕ ಕೆಲಸಕ್ಕೆ ಕೈಹಾಕಕೂಡದು. ಎ.ಸಿ. ಪೆಟ್ಟಿಗೆಯನ್ನೂ ಹೊರತೆಗೆಯಬೇಕಾದಲ್ಲಿ, ಗ್ಯಾಸನ್ನು ಯಂತ್ರದ ಮೂಲಕ ಎಳೆದುಕೊಂಡು, ಎಂಜಿನ್ ತಣಿದ ಮೇಲೆ ಕೂಲೆಂಟನ್ನು ಇಳಿಸತಕ್ಕದ್ದು.

2. ಏರ್‌ಬ್ಯಾಗ್, ಸ್ಟೇರಿಂಗ್: ಕಳಚಿದ ಏರ್‌ಬ್ಯಾಗನ್ನು ಮುಚ್ಚಳದ ಭಾಗ ಮೇಲಾಗಿರುವಂತೆ, ಜನರ ಓಡಾಟವಿಲ್ಲದ ಕಡೆ ಇಡಬೇಕು, ಮೀಟರು ಹಚ್ಚಿ ಪರೀಕ್ಷಿಸುವ ಸಾಹಸ ಬೇಡ. ಸ್ಟೇರಿಂಗ್ ಚಕ್ರದ ಕೆಳಗಿರುವ ಸುರುಳಿ ವೈರಿನ ಬಿಲ್ಲೆಯು ಕೂದಲೆಳೆಯಷ್ಟೂ ತಿರುಗದಂತೆ ಟೇಪು ಅಂಟಿಸಿ, ದಂಡದ ಕೀಲಿಗೆ ಬಣ್ಣದ ಗುರುತು ಹಾಕಿಟ್ಟರೆ, ಮರುಜೋಡಣೆಯಲ್ಲಿ ಚಕ್ರ ಓರೆಯಾಗುವ, ಕೊನೆಯ ತಿರುವಿನಲ್ಲಿ ಸುರುಳಿ ಹರಿಯುವ ಭಯವಿರುವುದಿಲ್ಲ.

3. ಡ್ಯಾಶ್‌ಬೋರ್ಡು: ಮೀಟರಿನ ಫಲಕ, ನಡುವಣ ಕನ್ಸೋಲು, ಗ್ಲೋವ್ ಬಾಕ್ಸು ಇವುಗಳನ್ನು ಕ್ರಮವಾಗಿ ಬಿಚ್ಚಿ, ಆಯಾ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಹೆಸರು ಬರೆದಿಟ್ಟು, ಪ್ರತಿಯೊಂದು ಕನೆಕ್ಟರಿನ ಛಾಯಾಚಿತ್ರ ತೆಗೆದುಕೊಂಡ ತರುವಾಯವೇ, ಇಬ್ಬರು ಸೇರಿ ಡ್ಯಾಶ್‌ಬೋರ್ಡನ್ನು ಬಾಗಿಲಿನ ಮೂಲಕ ಹೊರತರಬೇಕು.

4. ತೊಲೆಯನ್ನು ಬಿಡಿಸುವುದು: ವೈರುಗಳ ಕಟ್ಟನ್ನೂ ಅರ್ಥಿಂಗ್ ವೈರುಗಳನ್ನೂ ಬಿಡಿಸಿ, ಸ್ಟೇರಿಂಗ್ ದಂಡವನ್ನು ಇಳಿಸಿ, ಒಬ್ಬರು ತೊಲೆಯನ್ನು ಹಿಡಿದಿರುವಾಗ ಮತ್ತೊಬ್ಬರು ಕಂಬಗಳ, ನಡುನೆಲದ ಬೋಲ್ಟುಗಳನ್ನು ಕಳಚಬೇಕು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಪ್ರತಿಯೊಂದು ರಂಧ್ರವನ್ನೂ ತಾಳೆ ನೋಡುವುದು ಅವಶ್ಯ; ಎಡಬದಿಯ ಸ್ಟೇರಿಂಗಿನ ಕಾರಿನ ತೊಲೆ ನಮ್ಮ ಬಲಬದಿಯ ಕಾರುಗಳಿಗೆ ಹೊಂದದು.

5. ಮರುಜೋಡಣೆ: ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಕೆಲವು ಸುತ್ತು ಹಿಡಿಸಿ, ತೊಲೆ ಯಥಾಸ್ಥಾನದಲ್ಲಿ ಕುಳಿತ ಮೇಲೆ, ಕೈಪಿಡಿ ಹೇಳಿದ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಗೊಳಿಸತಕ್ಕದ್ದು. ಲೇಪನವಿಲ್ಲದ ಉಕ್ಕು ತೇವದ ನಡುವೆ ಮೆಗ್ನೀಸಿಯಂಗೆ ತಾಗಿದರೆ ಮೆಗ್ನೀಸಿಯಂ ಬೇಗನೆ ಸವೆದುಹೋಗುವುದರಿಂದ, ಅಂಥ ತೊಲೆಗೆ ತಯಾರಕರು ವಿಧಿಸಿದ ಲೇಪಿತ ಬೋಲ್ಟುಗಳನ್ನೇ ಬಳಸಬೇಕು.

6. ಪರೀಕ್ಷೆ: ಕಳಚಿದ ಉಳಿದೆಲ್ಲ ಭಾಗಗಳನ್ನೂ ಮರಳಿ ಜೋಡಿಸಿದ ಮೇಲೆ, ಕಾರಿನೊಳಗೆ ಯಾರೂ ಇಲ್ಲದಿರುವಾಗ ಬ್ಯಾಟರಿಯನ್ನು ಜೋಡಿಸಿ ಕೀಲಿ ತಿರುಗಿಸಿದರೆ, ಏರ್‌ಬ್ಯಾಗಿನ ದೀಪ ಕೆಲವು ಕ್ಷಣ ಬೆಳಗಿ ಆರಬೇಕು, ಆರದಿದ್ದರೆ ಸ್ಕ್ಯಾನರಿನಿಂದ ದೋಷವನ್ನು ಕಂಡುಹಿಡಿಯುವವರೆಗೆ ಗಾಡಿಯನ್ನು ರಸ್ತೆಗಿಳಿಸಬಾರದು.

ಈ ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸುವವರು, ಡ್ಯಾಶ್‌ಬೋರ್ಡು ಮುಚ್ಚುವ ಮುನ್ನವೇ ಖುದ್ದಾಗಿ ಹೋಗಿ ಹೊಸ ತೊಲೆಯನ್ನು ಕಣ್ಣಾರೆ ನೋಡಿ, ಅದರ ಬಿಡಿಭಾಗದ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಹಿತ. ಮುಚ್ಚಿದ ಮೇಲೆ ಅದನ್ನು ಪರಿಶೀಲಿಸಲು ಅಷ್ಟನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.