ಕೂತು ನೋಡಿ, ಸುರಪುರ ಬೇರೆಯೇ ಕಾಣುತ್ತದೆ

ಸುರಪುರದ ಹಳೇ ಓಣಿಗಳಲ್ಲಿ ಎಲ್ಲರೂ ನಿಂತೇ ಫೋಟೊ ತೆಗೆಯುತ್ತಾರೆ. ಎಲ್ಲರ ಚಿತ್ರವೂ ಒಂದೇ ಥರ. ನೀವು ಕುಕ್ಕರಗಾಲಲ್ಲಿ ಕೂತು ನೋಡಿ. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೆಲದ ಹತ್ತಿರಕ್ಕೇ ಬರುತ್ತದೆ. ಆಗ ಸವೆದ ಕಲ್ಲೇ ಮುನ್ನೆಲೆ. ಗಿಡ್ಡ ಬಾಗಿಲೂ ಹೆಬ್ಬಾಗಿಲು. ಫೋನು ಮಾತ್ರ ನೆಟ್ಟಗಿರಲಿ, ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಹಿಂದಕ್ಕೆ ವಾಲುತ್ತವೆ.

ಬಿಸಿಲೇರುವ ಮೊದಲೇ ಹೋಗಿ; ಎಳೆಬಿಸಿಲು ಅಡ್ಡ ಬಿದ್ದಾಗ ಕಲ್ಲಿನ ಒರಟು ಎದ್ದು ಕಾಣುತ್ತದೆ. ಮಳೆ ನಿಂತ ಮೇಲಾದರೆ ಗೋಡೆಗಳೇ ಓಣಿಯ ನೀರಿಗೆ ಇಳಿದು ಬಂದಾವು. ಕಟ್ಟೆ ಮೇಲೆ ಕೂತ ಹಿರಿಯರಿಗೆ ಮೊದಲು ‘ಶರಣ್ರೀ’ ಎನ್ನಿ, ಕೇಳಿಯೇ ಕ್ಲಿಕ್ಕಿಸಿ.

ಅಂಗಿ ಮಣ್ಣಾದೀತೆಂಬ ಸಂಕೋಚ ಬೇಡ. ಪಕ್ಕದ ಶಹಾಪುರದ ಬೆಟ್ಟಸಾಲಿನ ರೂಪದಲ್ಲಿ ಬುದ್ಧನೇ ಮಲಗಿದ್ದಾನಲ್ಲ!