ಮೊದಲು ಬಯಾಲಜಿಯೋ, ಫಿಸಿಕ್ಸೋ? ಮನೆಪಾಠಕ್ಕೆ ವಿಜ್ಞಾನದ ಕ್ರಮ

ವಿಟಿಯು ಮೊದಲ ವರ್ಷದಲ್ಲಿ ಅರ್ಧ ಜನ ಫಿಸಿಕ್ಸ್ ಸೈಕಲ್, ಅರ್ಧ ಜನ ಕೆಮಿಸ್ಟ್ರಿ ಸೈಕಲ್. ಮುಂದಿನ ಸೆಮಿಸ್ಟರಿಗೆ ಅದಲುಬದಲು. ಮೂರನೇ ಸೆಮ್‌ಗೆ ಬಂದಮೇಲೆ ಯಾರು ಯಾವುದನ್ನು ಮೊದಲು ಓದಿದರು ಅಂತ ಯಾರಿಗೂ ನೆನಪೂ ಇರಲ್ಲ. ಹದಿನೆಂಟು ದಾಟಿದವರಿಗೆ ಇದು ಸರಿ. ಆದರೆ ಹನ್ನೆರಡು ವರ್ಷದ ಮಗು ಶಾಲೆಗೆ ಹೋಗದೆ ಮನೆಯಲ್ಲೇ ವಿಜ್ಞಾನ ಕಲಿಯುತ್ತಿದ್ದರೆ ಕ್ರಮದ ಪ್ರಶ್ನೆ ಇಷ್ಟು ಹಗುರವಲ್ಲ. ಶಾಲೆಯಲ್ಲಿ ಒಂದು ಪಾಠ ತಪ್ಪಿದರೆ ಗಣಿತದ ಮೇಷ್ಟ್ರೋ, ಪಕ್ಕದ ಬೆಂಚಿನವನೋ ತುಂಬಿಕೊಡುತ್ತಾರೆ. ಮನೆಯಲ್ಲಿ ಆ ಪಕ್ಕದ ಬೆಂಚೇ ಇಲ್ಲ.

ಈ ಪ್ರಶ್ನೆ ನಮ್ಮ ತನಕ ಯಾಕೆ ಬರುತ್ತೆ ಅಂದರೆ, ನಮ್ಮಲ್ಲಿ ಹಲವರ ಅಕ್ಕ, ಚಿಕ್ಕಪ್ಪ, ಅತ್ತೆ ಅಮೆರಿಕದಲ್ಲಿದ್ದಾರೆ. ಅಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುವುದು 1993ರಿಂದ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧ. "ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಇವನಿಗೆ ಎಂಟನೇ ಕ್ಲಾಸಿಗೆ ಯಾವ ಸೈನ್ಸ್ ತಗೋಬೇಕು ಹೇಳು" ಅಂತ ಫೋನ್ ಬಂದರೆ ಉತ್ತರ ಕೊಡಬೇಕಾದವರು ನಾವೇ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕಿನಲ್ಲಿ ವರ್ಷದ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಟೆಕ್ಸಸ್‌ನಲ್ಲಿ ಯಾರಿಗೂ ತಿಳಿಸಬೇಕಾಗಿಲ್ಲ. ಅಲ್ಲಿ ಮನೆಯಲ್ಲಿ ಕಡ್ಡಾಯವಾಗಿ ಕಲಿಸಬೇಕಾದ್ದು ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕತ್ವ. ವಿಜ್ಞಾನ ಆ ಪಟ್ಟಿಯಲ್ಲೇ ಇಲ್ಲ! ಹಾಗಂತ ಬಿಟ್ಟರೆ ಕಾಲೇಜು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎರಡು ವರ್ಷದ ವಿಜ್ಞಾನ ಕೇಳುತ್ತದೆ, ಮೂರಾದರೆ ಒಳ್ಳೆಯದು ಅನ್ನುತ್ತದೆ. ಅಂದರೆ ಟೆಕ್ಸಸ್‌ನ ಒಬ್ಬ ಅಮ್ಮ ಆರನೇ ತರಗತಿಯಲ್ಲಿ ತೆಗೆದುಕೊಂಡ ನಿರ್ಧಾರವನ್ನು ಯಾರೂ ಪರೀಕ್ಷಿಸುವುದಿಲ್ಲ. ಆರು ವರ್ಷ ಆದಮೇಲೆ ಕಾಲೇಜಿನ ಬಾಗಿಲಲ್ಲಿ ಅದರ ಪರೀಕ್ಷೆ ಒಮ್ಮೆಗೇ ಆಗುತ್ತದೆ.

ಅಮೆರಿಕದ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡು. ನಮ್ಮ ಹಾಗೆ ಪ್ರತಿವರ್ಷ ಮೂರನ್ನೂ ಸ್ವಲ್ಪ ಸ್ವಲ್ಪ ಓದುವುದಲ್ಲ, ವರ್ಷಕ್ಕೊಂದು ವಿಷಯ. ಒಂಬತ್ತರಲ್ಲಿ ಬಯಾಲಜಿ, ಹತ್ತರಲ್ಲಿ ಕೆಮಿಸ್ಟ್ರಿ, ಹನ್ನೊಂದರಲ್ಲಿ ಫಿಸಿಕ್ಸ್. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಜೋಡಿಸಿಬಿಟ್ಟಿದ್ದಾರೆ ಅಂತ ಅಲ್ಲಿ ಒಂದು ಹಳೇ ತಮಾಷೆಯಿದೆ. ನಿಜವಾದ ಕಾರಣ ಬೇರೆ. 1892ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ನೇತೃತ್ವದಲ್ಲಿ ಹತ್ತು ಜನರ ಸಮಿತಿಯೊಂದು ಹೈಸ್ಕೂಲ್ ಪಠ್ಯಕ್ಕೆ ಒಂದು ರೂಪ ಕೊಡಲು ಕೂತಿತ್ತು. ಆಮೇಲಿನ ದಶಕಗಳಲ್ಲಿ ಈ ಕ್ರಮ ಗಟ್ಟಿಯಾಯಿತು. ಆಗಿನ ಬಯಾಲಜಿ ಅಂದರೆ ಎಲೆ, ಹೂವು, ಕಪ್ಪೆಗಳ ವರ್ಣನೆ ಮತ್ತು ವರ್ಗೀಕರಣ. ಅದಕ್ಕೆ ಗಣಿತ ಬೇಡ, ಮೊದಲು ಬಂದರೆ ತೊಂದರೆಯಿಲ್ಲ. ಫಿಸಿಕ್ಸ್‌ಗೆ ಗಣಿತ ಬೇಕು, ಕೊನೆಗಿರಲಿ.

1953ರಲ್ಲಿ ಡಿಎನ್‌ಎ ರಚನೆ ತಿಳಿದ ಮೇಲೆ ಬಯಾಲಜಿ ಬದಲಾಯಿತು, ತರಗತಿಗಳ ಕ್ರಮ ಬದಲಾಗಲಿಲ್ಲ. ಹೈಡ್ರೋಜನ್ ಬಂಧ ಅಂದರೇನು ಅಂತ ಗೊತ್ತಿಲ್ಲದ ಹುಡುಗಿ ಡಿಎನ್‌ಎಯ ಎರಡು ಎಳೆಗಳು ಯಾಕೆ ಬಿಚ್ಚಿಕೊಳ್ಳುತ್ತವೆ ಅಂತ ಬಾಯಿಪಾಠ ಮಾಡುವ ಸ್ಥಿತಿ ಬಂತು. 1988ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದ ಲಿಯಾನ್ ಲೆಡರ್‌ಮನ್ ಇದನ್ನು ತಲೆಕೆಳಗು ಮಾಡಿ ಅಂತ ವರ್ಷಗಟ್ಟಲೆ ಹೇಳುತ್ತಾ ಬಂದರು: ಮೊದಲು ಫಿಸಿಕ್ಸ್, ಆಮೇಲೆ ಕೆಮಿಸ್ಟ್ರಿ, ಕೊನೆಗೆ ಬಯಾಲಜಿ. ಪರಮಾಣು ತಿಳಿದರೆ ಅಣು, ಅಣು ತಿಳಿದರೆ ಜೀವಕೋಶ. ಕೇಳೋಕೆ ಎಷ್ಟು ಚೆಂದ ಅಲ್ವಾ? ಸ್ಯಾನ್ ಡಿಯಾಗೋ ನಗರದ ಶಾಲೆಗಳು 2000ದ ದಶಕದ ಆರಂಭದಲ್ಲಿ ಒಂಬತ್ತನೇ ತರಗತಿಗೆ ಫಿಸಿಕ್ಸ್ ತಂದವು. ಗಣಿತ ಸಾಲದ ಮಕ್ಕಳಿಗಾಗಿ ಪಾಠವನ್ನು ತೆಳುಮಾಡಿದ್ದಾರೆ ಅನ್ನುವ ತಕರಾರು ಎದ್ದು, ಕೆಲವೇ ವರ್ಷಗಳಲ್ಲಿ ಆ ಕಡ್ಡಾಯವನ್ನು ಕೈಬಿಟ್ಟರು.

ಹಾಗಾದರೆ ಯಾರು ಸರಿ? 2007ರಲ್ಲಿ ಫಿಲಿಪ್ ಸ್ಯಾಡ್ಲರ್ ಮತ್ತು ರಾಬರ್ಟ್ ತಾಯ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಜಾಸ್ತಿ ಓದಿದವರು ಕಾಲೇಜಿನ ಕೆಮಿಸ್ಟ್ರಿಯಲ್ಲಿ ಚೆನ್ನಾಗಿ ಮಾಡಿದರು. ಬಯಾಲಜಿಗೆ ಬಯಾಲಜಿ, ಫಿಸಿಕ್ಸ್‌ಗೆ ಫಿಸಿಕ್ಸ್. ಆದರೆ ಫಿಸಿಕ್ಸ್ ಜಾಸ್ತಿ ಓದಿದ್ದು ಕೆಮಿಸ್ಟ್ರಿಗೆ ಸಹಾಯ ಮಾಡಿದ್ದು ಕಾಣಲಿಲ್ಲ, ಕೆಮಿಸ್ಟ್ರಿ ಓದಿದ್ದು ಬಯಾಲಜಿಗೂ ಇಲ್ಲ. ಮೂರಕ್ಕೂ ಸಹಾಯ ಮಾಡಿದ್ದು ಒಂದೇ, ಗಣಿತ. ಇದು ಎಷ್ಟು ವರ್ಷ ಓದಿದರು ಅನ್ನುವುದರ ಲೆಕ್ಕ. ಹಾಗಾಗಿ ಕ್ರಮಕ್ಕೆ ಬೆಲೆಯೇ ಇಲ್ಲ ಅಂತ ಇದರಿಂದ ತೀರ್ಮಾನಿಸಲು ಬರುವುದಿಲ್ಲ. ಆದರೂ ಮನೆಯಲ್ಲಿ ಕಲಿಸುವವರ ತಲೆಬಿಸಿ ಯಾವ ಕಡೆ ಇರಬೇಕು ಅನ್ನುವುದು ಇದರಿಂದ ಸ್ಪಷ್ಟ.

ಇದನ್ನು ನಾವು ಅನುಭವಿಸಿಯೇ ಬಂದಿದ್ದೇವೆ. ಫಸ್ಟ್ ಪಿಯುಸಿ ಶುರುವಿನಲ್ಲೇ ಫಿಸಿಕ್ಸ್ ಲೆಕ್ಚರರ್ ಬೋರ್ಡ್ ಮೇಲೆ ಡಿಎಕ್ಸ್ ಬೈ ಡಿಟಿ ಬರೆದರು. ಗಣಿತದಲ್ಲಿ ಡಿರೈವೇಟಿವ್ ಬಂದದ್ದು ವರ್ಷದ ಕೊನೆಗೆ. ಇಂಟಿಗ್ರೇಷನ್ ಪೂರ್ತಿಯಾಗಿ ಬಂದದ್ದು ಸೆಕೆಂಡ್ ಪಿಯುಸಿಯಲ್ಲಿ. "ಸದ್ಯಕ್ಕೆ ಈ ಫಾರ್ಮುಲಾ ಇಟ್ಕೊಳ್ಳಿ" ಅನ್ನುವ ಮಾತು ಎಷ್ಟು ಸಲ ಕೇಳಿದ್ದೇವೆ ಲೆಕ್ಕವಿಲ್ಲ.

ಸಿಎಸ್ ಗೆಳೆಯರಿಗೆ ಈಗ ಟೊಪೊಲಾಜಿಕಲ್ ಸಾರ್ಟ್ ನೆನಪಾಗಿರಬೇಕು. ಯಾವ ಪಾಠಕ್ಕೆ ಯಾವ ಪಾಠ ಮೊದಲು ಬೇಕು ಅಂತ ಬಾಣ ಎಳೆಯುತ್ತಾ ಹೋಗಿ, ಕ್ರಮ ತಾನೇ ಹೊರಬರುತ್ತದೆ. ಆದರೆ ಬಾಣವನ್ನು ಇಡೀ ವಿಷಯಗಳ ನಡುವೆ ಎಳೆದರೆ ಸುತ್ತು ಬೀಳುತ್ತದೆ. ಕೆಮಿಸ್ಟ್ರಿಯ ಬಂಧಗಳಿಗೆ ಫಿಸಿಕ್ಸ್‌ನ ವಿದ್ಯುದಾವೇಶ, ಶಕ್ತಿ ಬೇಕು. ಫಿಸಿಕ್ಸ್‌ನ ಬ್ಯಾಟರಿಗೆ ಕೆಮಿಸ್ಟ್ರಿ ಬೇಕು. ಸುತ್ತು ಇರುವ ಗ್ರಾಫ್‌ಗೆ ಸಾರ್ಟ್ ಇಲ್ಲ ಅಂತ ಗೊತ್ತಲ್ಲ. ಹಾಗಾಗಿ ವಿಷಯವನ್ನು ಒಡೆದು ಪಾಠಗಳ ಮಟ್ಟಕ್ಕೆ ಇಳಿಯಬೇಕು. ಆಗ ಬಹುಪಾಲು ಸುತ್ತು ಬಿಚ್ಚಿಕೊಳ್ಳುತ್ತದೆ. ಒಂಬತ್ತನೇ ತರಗತಿಯ ಬಯಾಲಜಿಗೆ ಒಂದು ವರ್ಷದ ಕೆಮಿಸ್ಟ್ರಿ ಬೇಕಾಗಿಲ್ಲ. ಪರಮಾಣು, ಬಂಧ, ದ್ರಾವಣದ ಸಾರತೆ, ಆಮ್ಲ-ಪ್ರತ್ಯಾಮ್ಲ, ಶಕ್ತಿಯ ರೂಪಾಂತರ, ಇಷ್ಟು ಗೊತ್ತಿದ್ದರೆ ಅಭಿಸರಣೆಯೂ ದ್ಯುತಿಸಂಶ್ಲೇಷಣೆಯೂ ಅರ್ಥವಾಗುತ್ತವೆ. ಇದು ನಾಲ್ಕೈದು ವಾರದ ಕೆಲಸ. ಎಂಟನೇ ತರಗತಿಯಲ್ಲಿ ಫಿಸಿಕಲ್ ಸೈನ್ಸ್ ಅಂತ ಇಡುವುದು ಇದಕ್ಕೇ. ಆರು, ಏಳರಲ್ಲಿ ಕ್ರಮದ ಬಗ್ಗೆ ಚಿಂತೆ ಮಾಡುವುದೇ ದಂಡ. ಭೂಮಿ, ಗಿಡ, ನಕ್ಷತ್ರ, ಮಗುವಿಗೆ ಯಾವುದು ಇಷ್ಟವೋ ಅದು. ಅಳೆಯುವುದು, ಕೋಷ್ಟಕ ಬರೆಯುವುದು, ಗ್ರಾಫ್ ಎಳೆಯುವುದು ಮಾತ್ರ ರೂಢಿಯಾಗಿರಲಿ.

ಗಣಿತದಿಂದ ಬರುವ ಬಾಣಗಳನ್ನು ಮಾತ್ರ ಹೀಗೆ ಸಡಿಲ ಬಿಡುವ ಹಾಗಿಲ್ಲ. ಮೋಲ್ ಲೆಕ್ಕಕ್ಕೆ ಅನುಪಾತ ಮತ್ತು ಹತ್ತರ ಘಾತ ನೀರು ಕುಡಿದ ಹಾಗೆ ಬರಬೇಕು. ಪಿಎಚ್‌ಗೆ ಲಾಗರಿದಮ್ ಬೇಕು, ಅದು ಅಮೆರಿಕದಲ್ಲಿ ಸಾಮಾನ್ಯವಾಗಿ ಆಲ್ಜೀಬ್ರಾ 2ರಲ್ಲಿ ಬರುತ್ತದೆ. ಓರೆಯಾಗಿ ಎಸೆದ ಚೆಂಡಿಗೆ ಸೈನ್, ಕೊಸೈನ್ ಬೇಕು, ಅವು ಜಿಯೋಮೆಟ್ರಿ ವರ್ಷದ ಕೊನೆಗೆ ಸಿಗುತ್ತವೆ. ಆದ್ದರಿಂದ ಅಕ್ಕನಿಗೆ ನಾನು ಹೇಳುವುದು ಇಷ್ಟು: ವಿಜ್ಞಾನದ ಪುಸ್ತಕ ಆರಿಸುವ ಮೊದಲು ಹುಡುಗನ ಮುಂದೆ ಎರಡು ಪ್ರಶ್ನೆ ಇಡಿ. ಸಾಂದ್ರತೆಯ ಸೂತ್ರದಿಂದ ಗಾತ್ರವನ್ನು ಒಂದೇ ಕಡೆ ತಂದು ತೋರಿಸು. ಈ ಗ್ರಾಫಿನ ಇಳಿಜಾರಿಗೆ ಏಕಮಾನ ಏನು? ಎರಡೂ ಸಲೀಸಾಗಿ ಬಂದರೆ ಒಂಬತ್ತರಲ್ಲೇ ಫಿಸಿಕ್ಸ್ ಶುರು ಮಾಡಬಹುದು, ಲೆಡರ್‌ಮನ್ ದಾರಿ ಅಂಥವನಿಗೇ. ತಡಬಡಾಯಿಸಿದರೆ ಬಯಾಲಜಿಯಿಂದ ಶುರುಮಾಡಿ, ಆ ವರ್ಷ ಗಣಿತಕ್ಕೆ ದಿನಕ್ಕೆ ಅರ್ಧ ಗಂಟೆ ಹೆಚ್ಚು ಕೊಡಿ.

ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿನ ಮನೆಪಾಠದ ವಲಯದಲ್ಲಿ ತುಂಬಾ ಜನ ಬಳಸುವುದು ಅಪೊಲೋಜಿಯಾ ಪ್ರಕಾಶನದ 'ಎಕ್ಸ್‌ಪ್ಲೋರಿಂಗ್ ಕ್ರಿಯೇಷನ್' ಸರಣಿ. ಏಳರಿಂದ ಹನ್ನೆರಡರವರೆಗೆ ಕ್ರಮ ಸಿದ್ಧವಾಗಿರುತ್ತದೆ, ಮಗು ತಾನೇ ಓದಿಕೊಳ್ಳುವಂತೆ ಬರೆದಿದ್ದಾರೆ. ಆದರೆ ಅದು ಕ್ರೈಸ್ತ ಸೃಷ್ಟಿವಾದದ ನೆಲೆಯಿಂದ ಬರೆದದ್ದು, ವಿಕಾಸವಾದವನ್ನು ಒಪ್ಪುವುದಿಲ್ಲ. ಕಾಲೇಜಿನ ಬಯಾಲಜಿ ನಿಂತಿರುವುದೇ ವಿಕಾಸದ ಮೇಲೆ ಅನ್ನುವುದು ಗೊತ್ತಿದ್ದು ಕೊಳ್ಳಬೇಕು. ಬೇಡ ಅನ್ನುವವರಿಗೆ ಸಿಕೆ-12ರ ಪುಸ್ತಕಗಳು ಉಚಿತ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್‌ನಲ್ಲಿ ಹೈಸ್ಕೂಲಿಗೆಂದೇ ಬರೆದ ಫಿಸಿಕ್ಸ್ ಪುಸ್ತಕವಿದೆ, ಅದೂ ಉಚಿತ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳಲ್ಲಿ ಕೆಲವು ಕನ್ನಡದಲ್ಲೂ ಇವೆ. ಊರಿನಿಂದ ಅಜ್ಜಿ ಬಂದಿದ್ದಾಗ ಮೊಮ್ಮಗ ಅವರಿಗೇ ತೋರಿಸಿ ವಿವರಿಸಬಹುದು.

ಸಿಮ್ಯುಲೇಷನ್ ಇದ್ದಮಾತ್ರಕ್ಕೆ ಲ್ಯಾಬ್ ಆಯಿತು ಅಂದುಕೊಳ್ಳಬಾರದು. ದಾರಕ್ಕೆ ಒಂದು ನಟ್ಟು ಕಟ್ಟಿ ಲೋಲಕ ಮಾಡಿದರೆ ಸಾಕು. ಒಂದು ಮೀಟರ್ ಉದ್ದಕ್ಕೆ ಹತ್ತು ಆಂದೋಲನ ಸುಮಾರು 20 ಸೆಕೆಂಡ್, 25 ಸೆಂಟಿಮೀಟರಿಗೆ ಸುಮಾರು 10. ಐದಾರು ಉದ್ದಕ್ಕೆ ಅಳೆದು, ಅವಧಿಯ ವರ್ಗವನ್ನು ಉದ್ದದ ಎದುರು ಗ್ರಾಫ್ ಹಾಕಿದರೆ ಸರಳರೇಖೆ ಬರುತ್ತದೆ, ಅದರ ಇಳಿಜಾರಿನಿಂದ ಗುರುತ್ವದ ವೇಗೋತ್ಕರ್ಷ ಸಿಗುತ್ತದೆ. ಅರಿಶಿನದ ನೀರಿಗೆ ಸೋಪು ಬಿದ್ದರೆ ಕೆಂಪಾಗುವುದು ನಮ್ಮ ಯಾವ ಅಡುಗೆಮನೆಗೂ ಹೊಸದಲ್ಲ. ಉಪ್ಪುನೀರಿನಲ್ಲಿಟ್ಟ ಆಲೂಗಡ್ಡೆ ಹೋಳನ್ನು ಗಂಟೆಗೊಮ್ಮೆ ತೂಗಿದರೆ ಅಭಿಸರಣೆಗೆ ಅಂಕಿ ಸಿಗುತ್ತದೆ. ದಿನಾಂಕ, ಅಳತೆ, ಏಕಮಾನ ಎಲ್ಲ ಇರುವ ನೋಟ್‌ಬುಕ್ ಇಟ್ಟುಕೊಂಡರೆ ಮುಂದೆ ಕಾಲೇಜು ಕೇಳಿದಾಗ ತೋರಿಸಲು ಆಗುತ್ತದೆ. ಹನ್ನೊಂದು, ಹನ್ನೆರಡರಲ್ಲಿ ಎಪಿ ಪರೀಕ್ಷೆ ಬರೆದರೆ ಅಥವಾ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಲ್ಯಾಬ್ ಕೋರ್ಸ್ ಮಾಡಿದರೆ, ಅಮ್ಮನೇ ಕೊಟ್ಟ ಅಂಕಕ್ಕೆ ಹೊರಗಿನ ಸಾಕ್ಷಿಯೂ ಸಿಕ್ಕಂತಾಗುತ್ತದೆ.

ಇನ್ನೊಂದು ಮಾತು, ಇದು ಭಾರತಕ್ಕೆ ವಾಪಸ್ ಬರುವ ಯೋಚನೆ ಇರುವವರಿಗೆ. ವರ್ಷಕ್ಕೊಂದು ವಿಷಯದ ಪದ್ಧತಿಯಲ್ಲಿ ಕೆಮಿಸ್ಟ್ರಿ ಹತ್ತರಲ್ಲೇ ಮುಗಿದುಹೋಗಿರುತ್ತದೆ. ಇಲ್ಲಿ ಜೆಇಇಗೆ ಮೂರೂ ವಿಷಯ ಒಂದೇ ದಿನ ಬಿಸಿಬಿಸಿಯಾಗಿ ತಲೆಯಲ್ಲಿರಬೇಕು. ಎನ್‌ಐಒಎಸ್‌ನ ಹನ್ನೆರಡನೇ ತರಗತಿಯನ್ನು ಐದು ವಿಷಯ ತೆಗೆದುಕೊಂಡು ಪಾಸಾದವರೂ ಜೆಇಇ ಬರೆಯಬಹುದು, ಹಾಗಾಗಿ ಮನೆಯಲ್ಲಿ ಓದಿದ ಮಕ್ಕಳಿಗೆ ಆ ದಾರಿ ಇದೆ. ಆದರೆ ಈ ದಾರಿ ಹಿಡಿಯುವವರು ಎಂಟರ ನಂತರ ಅಮೆರಿಕದ ಕ್ರಮ ಬಿಟ್ಟು, ವಾರದಲ್ಲಿ ಎರಡು ದಿನ ಫಿಸಿಕ್ಸ್, ಎರಡು ದಿನ ಕೆಮಿಸ್ಟ್ರಿ ಅಂತ ಜೊತೆಜೊತೆಗೇ ನಡೆಸುವುದು ವಾಸಿ. ಎನ್‌ಐಒಎಸ್‌ನಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬ್ಯುರೆಟ್ಟನ್ನು ಹನಿಹನಿಯಾಗಿ ಬಿಡುವುದು ಆಲೂಗಡ್ಡೆಯಿಂದ ಕಲಿಯುವಂಥದ್ದಲ್ಲ. ಅದಕ್ಕೆ ರಜೆಯಲ್ಲಿ ಊರಿಗೆ ಬಂದಾಗ ಪರಿಚಯದ ಪಿಯು ಕಾಲೇಜಿನ ಲ್ಯಾಬಿನಲ್ಲಿ ಎರಡು ವಾರ ಅವಕಾಶ ಕೇಳಿನೋಡಬೇಕು.