ಹೊಟ್ಟೆನೋವೆಂದರೆ ಕಾಲನ್ನೂ ನೋಡಿ

ಹೋದ ವಾರ ನೆಗಡಿ, ಗಂಟಲುನೋವು ಬಂದು ಹೋದ ಮಗು ಈಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದೆ. ಅಜ್ಜಿ ಜಂತುಹುಳು ಅನ್ನುತ್ತಾರೆ, ಅಪ್ಪ ಬೇಕರಿ ತಿಂಡಿಯನ್ನು ಬೈಯುತ್ತಾರೆ. ಎಷ್ಟೋ ಸಲ ಅವರ ಮಾತೇ ನಿಜವಾಗಿರುತ್ತದೆ. ಆದರೂ ಬಟ್ಟೆ ಸರಿಸಿ, ಮಗುವಿನ ಕಾಲು ಮತ್ತು ಕುಂಡೆಯನ್ನು ಒಮ್ಮೆ ಬೆಳಕಿನಲ್ಲಿ ನೋಡಿ.

ಕೆಂಪು ಅಥವಾ ನೇರಳೆ ಚುಕ್ಕೆಗಳು ಕಂಡರೆ ಗಾಜಿನ ಲೋಟವೊಂದನ್ನು ಅವುಗಳ ಮೇಲೆ ಒತ್ತಿ ಹಿಡಿಯಿರಿ. ಅಲರ್ಜಿಯ ದದ್ದಾದರೆ ಸಾಮಾನ್ಯವಾಗಿ ಬಣ್ಣ ಮಾಸುತ್ತದೆ. ಮಾಸದಿದ್ದರೆ ಚರ್ಮದಡಿ ರಕ್ತ ಸೋರಿದೆ ಎಂದರ್ಥ. ಉಷ್ಣದ ಗುಳ್ಳೆ ಎಂದು ಗಂಧ ತೇಯುತ್ತ ಕೂರದೆ ಅದೇ ದಿನ ಮಕ್ಕಳ ವೈದ್ಯರನ್ನು ಕಾಣಿ. ಜೊತೆಗೆ ಜ್ವರವಿದ್ದು ಮಗು ಮಂಕಾಗಿದ್ದರೆ ನೇರ ತುರ್ತು ವಿಭಾಗಕ್ಕೇ ಹೋಗಿ.

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ರಕ್ತನಾಳದ ಉರಿಯೂತ, ಐಜಿಎ ವ್ಯಾಸ್ಕ್ಯುಲೈಟಿಸ್, ಹೀಗೆ ಶುರುವಾಗಬಹುದು. ಹಳೆಯ ಚೀಟಿಗಳಲ್ಲಿ ಇದು ಹೆನಾಕ್-ಶ್ಯೋನ್ಲೈನ್ ಪರ್ಪ್ಯೂರಾ, ಚುಟುಕಾಗಿ ‘ಎಚ್‌ಎಸ್‌ಪಿ’. ಜರ್ಮನಿಯ ಶ್ಯೋನ್ಲೈನ್ 1837ರಲ್ಲಿ ಚುಕ್ಕೆಗೂ ಕೀಲುನೋವಿಗೂ ನಂಟು ಕಂಡರು. ಹೊಟ್ಟೆಯ ತೊಂದರೆಯನ್ನು ಅದಕ್ಕೆ ಜೋಡಿಸಿದವರು ಅವರ ಶಿಷ್ಯ ಹೆನಾಕ್. ಐಜಿಎ ಎಂಬ ಪ್ರತಿಕಾಯ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕೂತು ಉರಿಯೂತ ಎಬ್ಬಿಸುತ್ತದೆ. ಕಾಲಿನ ಮೇಲೆ ನಡೆದದ್ದೇ ಕರುಳಿನ ಗೋಡೆಯಲ್ಲೂ ನಡೆದು, ಅದು ಬಾತು ರಕ್ತ ಜಿನುಗುತ್ತದೆ.

ಕೆಲವು ಮಕ್ಕಳಲ್ಲಿ ಹೊಟ್ಟೆನೋವೇ ಮೊದಲು, ಚುಕ್ಕೆ ಆಮೇಲೆ. ಅಪೆಂಡಿಕ್ಸ್ ಎಂದುಕೊಂಡು ಆಪರೇಷನ್ ಆದ ಮೇಲೆ ಚುಕ್ಕೆ ಎದ್ದದ್ದೂ ಉಂಟು. ಆದ್ದರಿಂದ ಕಾರಣ ತಿಳಿಯದ ನೋವಿದ್ದರೆ ಎರಡು ವಾರ ದಿನವೂ ಸ್ನಾನದ ಹೊತ್ತಿಗೆ ಕಾಲು ನೋಡಿ.

ಆಸ್ಪತ್ರೆಯಲ್ಲಿ ಮೊದಲು ರಕ್ತ ಪರೀಕ್ಷೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಇಲ್ಲಿ ಇಳಿಯುವುದಿಲ್ಲ. ಮಳೆಗಾಲದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಮೂತ್ರ, ರಕ್ತದೊತ್ತಡಗಳನ್ನೂ ನೋಡಿಸಿ.

ನೋವು ಅಲೆಅಲೆಯಾಗಿ ಬಂದು ಮಗು ಕಿರುಚಿದರೆ, ವಾಂತಿ ಹಸಿರಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ಅದರಲ್ಲಿ ರಕ್ತ ಕಂಡರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಬಾತ ಕರುಳಿನ ಒಂದು ಭಾಗ, ಅಂಗಿಯ ತೋಳು ಒಳಕ್ಕೆ ಸೇರಿಕೊಂಡಂತೆ, ಪಕ್ಕದ ಭಾಗದೊಳಗೆ ತೂರಿಕೊಂಡಿರಬಹುದು. ಅಪರೂಪ, ಆದರೆ ಕರುಳು ಕೊಳೆಯುವಷ್ಟು ಅಪಾಯ. ಅಲ್ಟ್ರಾಸೌಂಡ್‌ನಲ್ಲಿ ಇದು ಗೊತ್ತಾಗುತ್ತದೆ. ಈ ಕಾಯಿಲೆಯಲ್ಲಿ ಅದು ಹೆಚ್ಚಾಗಿ ಸಣ್ಣಕರುಳಿನಲ್ಲೇ ಆಗುವುದರಿಂದ, ಗುದದ್ವಾರದಿಂದ ಗಾಳಿ ಹಾಯಿಸಿ ಬಿಡಿಸುವ ಉಪಾಯ ಅಲ್ಲಿವರೆಗೆ ಮುಟ್ಟದೆ ಹೋಗಬಹುದು. ಆಗ ಆಪರೇಷನ್ನೇ ದಾರಿ.

ಮನೆಯಲ್ಲಿ ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಕರುಳಿನ ರಕ್ತಸ್ರಾವಕ್ಕೂ ಮೂತ್ರಪಿಂಡಕ್ಕೂ ಅವು ಕೆಟ್ಟವು. ಹೊಟ್ಟೆನೋವು ತೀವ್ರವಾಗಿದ್ದರೆ ವೈದ್ಯರು ಸ್ಟೀರಾಯ್ಡ್ ಬರೆದಾರು. ಹೆಸರು ಕೇಳಿ ಹೆದರಬೇಡಿ, ನೋವು ಹೋಯಿತೆಂದು ನೀವಾಗಿಯೇ ನಿಲ್ಲಿಸಲೂಬೇಡಿ. ಊಟಕ್ಕೆ ಗಂಜಿ, ಮೆತ್ತನೆಯ ಅನ್ನ. ವಾಂತಿ ನಿಲ್ಲದಿದ್ದರೆ ಏನನ್ನೂ ಕೊಡದೆ ಆಸ್ಪತ್ರೆಗೆ.

ಸಾಮಾನ್ಯವಾಗಿ ಸುಮಾರು ನಾಲ್ಕು ವಾರಗಳಲ್ಲಿ ಮಗು ಚೇತರಿಸಿಕೊಳ್ಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಹೊಟ್ಟೆ ತಣ್ಣಗಾದ ಮೇಲೂ ಮೂತ್ರಪಿಂಡ ಸದ್ದಿಲ್ಲದೆ ಕೆಡಬಹುದು, ಸ್ಟೀರಾಯ್ಡ್ ಕೊಟ್ಟರೂ ಅದು ತಪ್ಪೀತೆಂಬ ಭರವಸೆಯಿಲ್ಲ. ಆರು ತಿಂಗಳು ವೈದ್ಯರು ಹೇಳಿದ ದಿನಗಳಂದು ಮೂತ್ರ ಪರೀಕ್ಷೆ, ರಕ್ತದೊತ್ತಡ ತಪ್ಪಿಸಬೇಡಿ. ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ನಡುವೆ ಚುಕ್ಕೆ ಮರಳಿದರೆ, ಸುಮಾರು ಮೂರರಲ್ಲಿ ಒಂದು ಮಗುವಿಗೆ ಹಾಗಾಗುತ್ತದೆ, ವೈದ್ಯರಿಗೆ ತೋರಿಸಿ ಆರು ತಿಂಗಳ ಲೆಕ್ಕವನ್ನು ಅಲ್ಲಿಂದ ಮತ್ತೆ ಹಿಡಿಯಿರಿ.